ಮನೆ ಮುಂದಿನ ಬೇಲಿಗೂ ಒಂದು ಕಾನೂನು

ನಮ್ಮಲ್ಲಿ ನಿವೇಶನ ಕೊಂಡವರು ಎಷ್ಟೋ ಸಲ ಮನೆಗಿಂತ ಮೊದಲು ಕಾಂಪೌಂಡು ಕಟ್ಟಿಸುತ್ತಾರೆ. ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಸುತ್ತ ಗೋಡೆ ಏರಿಸಿ, ಕಬ್ಬಿಣದ ಗೇಟು ಕೂರಿಸಿದ ಮೇಲೆಯೇ ಜಾಗ ತಮ್ಮದಾಯಿತೆಂಬ ಸಮಾಧಾನ. ಇಂಥ ಅಭ್ಯಾಸದಲ್ಲಿ ಬೆಳೆದವರು ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾಕ್ಕೆ ಹೋಗಿ ಮನೆ ಮಾಡಿದರೆ ಮೊದಲು ಎದುರಾಗುವ ಅಚ್ಚರಿಗಳಲ್ಲಿ ಇದೂ ಒಂದು: ಅಲ್ಲಿನ ಮನೆಗಳ ಮುಂದೆ ಬೇಲಿ ಇಲ್ಲ. ಹಾಕಬೇಕೆಂದರೂ ಸಾಮಾನ್ಯವಾಗಿ ಹಾಕುವಂತಿಲ್ಲ. ಮನೆಯ ಮುಂಗೋಡೆಯಿಂದ ರಸ್ತೆಯವರೆಗಿನ ಜಾಗ ಹುಲ್ಲು, ಗಿಡ, ಮರಗಳಿಂದ ತುಂಬಿ ನೇರವಾಗಿ ಬೀದಿಯನ್ನು ಸೇರುತ್ತದೆ. ಮರೆ ಬೇಕಾದವರು ಗಿಡದ ಬೇಲಿ ಬೆಳೆಸಿಕೊಳ್ಳಬಹುದು. ಇಟ್ಟಿಗೆ, ಹಲಗೆ, ತಂತಿಗಳಿಗೆ ಅಡ್ಡಿಯುಂಟು.

ಆಸ್ಟ್ರೇಲಿಯದ ಬೇರೆ ನಗರಗಳಲ್ಲಿ ನಿಯಮ ಇಷ್ಟು ಬಿಗಿಯಾಗಿಲ್ಲ. ಆದರೆ ಸಿಡ್ನಿ, ಮೆಲ್ಬರ್ನ್, ಪರ್ತ್ ಎಲ್ಲಿಗೇ ಹೋದರೂ ಮುಂದಿನ ಬೇಲಿ ಎಷ್ಟು ಎತ್ತರ ಇರಬೇಕು, ಅದರ ಸಂದಿಯಲ್ಲಿ ಎಷ್ಟು ಕಾಣಬೇಕು, ಬೀದಿಯ ತಿರುವಿನಲ್ಲಿ ಎಷ್ಟು ತಗ್ಗಬೇಕು ಎಂದು ಹೇಳುವ ನಿಯಮ ಇದ್ದೇ ಇರುತ್ತದೆ. ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ಪುರಸಭೆ, ನಗರಸಭೆಗಳಂಥ ಸಂಸ್ಥೆ, ಅದನ್ನು ನೋಡಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ ಜಾಗದ ಅಂಚಿನಲ್ಲಿ ನಾನು ಏನು ಕಟ್ಟಿದರೆ ಇವರಿಗೇನು ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಸಿಗಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು.

ದನಕ್ಕಾಗಿ ಹಾಕಿದ ಬೇಲಿ

ಬೇಲಿಯ ಮೊದಲ ಕೆಲಸ ಕಳ್ಳನನ್ನು ತಡೆಯುವುದಾಗಿರಲಿಲ್ಲ. ದನ, ಕುದುರೆ, ಆಡುಗಳನ್ನು ತಡೆಯುವುದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆಸ್ಟ್ರೇಲಿಯದ ಊರುಗಳಲ್ಲಿ ಜಾನುವಾರುಗಳು ಬೀದಿಯಲ್ಲಿ ತಿರುಗಾಡುತ್ತಿದ್ದವು. ಮನೆಯ ಮುಂದೆ ನಾಲ್ಕು ಗುಲಾಬಿ ಗಿಡ, ಹಿಂದೆ ಒಂದಿಷ್ಟು ತರಕಾರಿ ಉಳಿಯಬೇಕಾದರೆ ಬೇಲಿ ಅನಿವಾರ್ಯವಾಗಿತ್ತು. ಅಂಡಲೆಯುವ ದನಗಳನ್ನು ಹಿಡಿದು ಕೂಡಿಹಾಕುವ ಕಾನೂನುಗಳೂ ಅಲ್ಲಿದ್ದವು. ನಮ್ಮ ಹಳ್ಳಿಗಳಲ್ಲಿ ಪೈರಿಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದು, ದಂಡ ಕಟ್ಟಿಸಿಕೊಂಡು ಬಿಡುತ್ತಿದ್ದ ಪದ್ಧತಿಯೇ ಅದು.

ಚೂಪು ತಲೆಯ ಹಲಗೆಗಳನ್ನು ಸಾಲಾಗಿ ಬಡಿದು ಬಿಳಿ ಬಣ್ಣ ಬಳಿದ ಬೇಲಿ ಹೀಗೆ ಅಲ್ಲಿನ ಮನೆಯ ಗುರುತಾಯಿತು. ಊರು ದೊಡ್ಡದಾಗಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು ಬಂದಾಗ ಹಲಗೆಯ ಜಾಗಕ್ಕೆ ಕಲ್ಲಿನ ದಿಂಡಿನ ಮೇಲೆ ನಿಲ್ಲಿಸಿದ ಎರಕದ ಕಬ್ಬಿಣದ ಸರಳುಗಳು ಬಂದವು. ಸಿಡ್ನಿ, ಮೆಲ್ಬರ್ನ್‌ಗಳ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಅವು ಕಾಣುತ್ತವೆ. ಕಾಲಕ್ರಮದಲ್ಲಿ ಬೀದಿಯಲ್ಲಿ ಆಡು ಇಲ್ಲವಾಯಿತು, ಹಸು ಇಲ್ಲವಾಯಿತು, ಕೊನೆಗೆ ಕುದುರೆಯೂ ಇಲ್ಲವಾಯಿತು. ಬೇಲಿ ಮಾತ್ರ ಉಳಿಯಿತು. ಕೆಲಸ ಮುಗಿದ ಮೇಲೂ ಅದು ಉಳಿದದ್ದಕ್ಕೆ ಕಾರಣ, ಅಷ್ಟರಲ್ಲಿ ಬೇಲಿ ಒಡೆತನದ ಚಿಹ್ನೆಯಾಗಿತ್ತು. ಬಾಡಿಗೆಯ ಕೋಣೆಗಳಿಂದ ತಪ್ಪಿಸಿಕೊಂಡು ಸ್ವಂತ ಮನೆ ಮಾಡಿದವನಿಗೆ ಬೇಲಿ ಎಂದರೆ ತಾನು ಗೆದ್ದುಕೊಂಡ ಗಡಿ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಪಕ್ಕದ ಮತ್ತು ಹಿಂದಿನ ಬೇಲಿ ಇಬ್ಬರು ನೆರೆಯವರ ನಡುವಿನ ವಿಷಯ. ಅದರ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವುದು ಹೇಗೆ ಎಂದು ಹೇಳುವ ಪ್ರತ್ಯೇಕ ಕಾಯ್ದೆಗಳೇ ಆಸ್ಟ್ರೇಲಿಯದ ರಾಜ್ಯಗಳಲ್ಲಿವೆ. ವಿಕ್ಟೋರಿಯ ರಾಜ್ಯದ್ದು 1968ರದು, ನ್ಯೂ ಸೌತ್ ವೇಲ್ಸ್‌ನದು 1991ರದು. ಮುಂದಿನ ಬೇಲಿಯ ಆಚೆ ಇರುವುದು ನೆರೆಯವನಲ್ಲ, ಬೀದಿ. ಬೀದಿ ಎಲ್ಲರದು. ಹಾಗಾಗಿ ಮುಂದಿನ ಬೇಲಿಯ ವಿಷಯದಲ್ಲಿ ಎದುರುಪಕ್ಷವಾಗಿ ನಿಲ್ಲುವುದು ಊರೇ. ಕೌನ್ಸಿಲ್ ಈ ವ್ಯವಹಾರದೊಳಗೆ ಬರುವುದು ಈ ದಾರಿಯಿಂದ.

ಗೋಡೆ ಅನಾಗರಿಕ ಎಂದವರು

ಮನೆಯ ಮುಂದೆ ಬೇಲಿಯೇ ಬೇಡ ಎಂಬ ವಿಚಾರ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. 1857ರಲ್ಲಿ ನ್ಯೂಜೆರ್ಸಿಯಲ್ಲಿ ಆರಂಭವಾದ ಲೆವೆಲಿನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆಗಳ ನಡುವೆ ಬೇಲಿ ಹಾಕಲು ಅವಕಾಶವಿರಲಿಲ್ಲ. ಇಡೀ ಬಡಾವಣೆ ಒಂದೇ ಉದ್ಯಾನದಂತೆ ಕಾಣಬೇಕು ಎಂಬುದು ಉದ್ದೇಶ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ನಿರ್ಮಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ 1868ರಲ್ಲಿ ಷಿಕಾಗೊ ಬಳಿಯ ರಿವರ್‌ಸೈಡ್ ಉಪನಗರಕ್ಕೆ ಯೋಜನೆ ಬರೆದಾಗ ಇಂಗ್ಲೆಂಡಿನ ಉಪನಗರಗಳ ಎತ್ತರದ ಗೋಡೆಗಳನ್ನು ಲೇವಡಿ ಮಾಡಿದ. ಆ ಬೀದಿಗಳನ್ನು ನೋಡಿದರೆ ಸಾಲಾಗಿ ಖಾಸಗಿ ಹುಚ್ಚಾಸ್ಪತ್ರೆಗಳನ್ನು ಕಟ್ಟಿದಂತಿದೆ ಎಂಬುದು ಅವನ ಟೀಕೆಯ ಸಾರ. ಮನೆಗಳು ರಸ್ತೆಯಿಂದ ಹಿಂದೆ ಸರಿದು ನಿಲ್ಲಬೇಕು, ಮುಂದಿನ ಜಾಗದ ಹಸಿರು ದಾರಿಹೋಕರಿಗೂ ಕಾಣಬೇಕು ಎಂದು ಅವನು ಬಯಸಿದ.

1870ರಲ್ಲಿ ಫ್ರಾಂಕ್ ಜೆ. ಸ್ಕಾಟ್ ಎಂಬಾತ ಉಪನಗರದ ಮನೆಗಳ ಅಂಗಳವನ್ನು ಅಂದಗೊಳಿಸುವ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದ. ಅದರ ವಾದ ಇನ್ನೂ ಒಂದು ಹೆಜ್ಜೆ ಮುಂದಿನದು. ತನ್ನ ತೋಟದ ಚೆಲುವನ್ನು ನೆರೆಯವರಿಗೆ ಕಾಣದಂತೆ ಮುಚ್ಚಿಡುವುದು ಅಂದಗೇಡಿ ಮಾತ್ರವಲ್ಲ, ಸಜ್ಜನಿಕೆಯೂ ಅಲ್ಲ ಎಂದು ಅವನು ಹೇಳಿದ. ಬೇಲಿಯ ಪ್ರಶ್ನೆ ಇಲ್ಲಿಗೆ ನೀತಿಯ ಪ್ರಶ್ನೆಯಾಯಿತು.

ಈ ವಿಚಾರ ಕಾರ್ಯರೂಪಕ್ಕೆ ಬರಲು ಒಂದು ಯಂತ್ರವೂ ನೆರವಾಯಿತು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದಿದ್ದ. ಅದಕ್ಕೆ ಮೊದಲು ನುಣುಪಾದ ಹುಲ್ಲುಹಾಸು ಬೇಕೆಂದರೆ ಕುಡುಗೋಲು ಹಿಡಿದ ಆಳುಗಳ ಗುಂಪು ಬೇಕಾಗಿತ್ತು. ಆದ್ದರಿಂದ ಅದು ಶ್ರೀಮಂತರ ಬಂಗಲೆಗಳಿಗಷ್ಟೇ ಸೀಮಿತ. ಯಂತ್ರ ಅಗ್ಗವಾದಂತೆ ಗುಮಾಸ್ತೆಯೂ ಭಾನುವಾರ ಬೆಳಿಗ್ಗೆ ತಾನೇ ಹುಲ್ಲು ಕತ್ತರಿಸಿಕೊಳ್ಳುವಂತಾಯಿತು. ಬೀದಿಯ ಎರಡೂ ಬದಿಯಲ್ಲಿ ಒಂದೇ ಸಮನೆ ಹರಡಿದ ಹುಲ್ಲುಹಾಸು ಅಮೆರಿಕದ ಉಪನಗರದ ಲಕ್ಷಣವಾಯಿತು.

ಇಂಗ್ಲೆಂಡಿನಲ್ಲಿಯೂ ಬದಲಾವಣೆ ಬಂತು, ಆದರೆ ಅದು ಬೇರೆ ಬಗೆಯದು. 1898ರಲ್ಲಿ ಎಬೆನೆಜರ್ ಹೊವಾರ್ಡ್ ಉದ್ಯಾನನಗರದ ಕಲ್ಪನೆಯನ್ನು ಪುಸ್ತಕವಾಗಿ ಮುಂದಿಟ್ಟ. 1903ರಲ್ಲಿ ಲೆಚ್‌ವರ್ತ್ ಎಂಬ ಮೊದಲ ಉದ್ಯಾನನಗರದ ಕೆಲಸ ಆರಂಭವಾಯಿತು. ಲಂಡನ್ನಿನ ಅಂಚಿನಲ್ಲಿ ಹ್ಯಾಂಪ್‌ಸ್ಟೆಡ್ ಉದ್ಯಾನ ಉಪನಗರವನ್ನು ಕಟ್ಟಲು ಹೊರಟ ಹೆನ್ರಿಯೆಟಾ ಬಾರ್ನೆಟ್ ಎಂಬ ಸಮಾಜ ಸುಧಾರಕಿ ಮುಂದಿಟ್ಟ ತತ್ವಗಳಲ್ಲಿ ಒಂದು, ಮನೆಗಳ ನಡುವೆ ಗೋಡೆ ಇರಬಾರದು, ಗಿಡದ ಬೇಲಿಯೋ ಹಂದರವೋ ಇರಬೇಕು ಎಂಬುದು. ಬಡವರೂ ಸ್ಥಿತಿವಂತರೂ ಒಂದೇ ಬಡಾವಣೆಯಲ್ಲಿ ಇರಬೇಕು ಎಂಬುದು ಆಕೆಯ ದೊಡ್ಡ ಕನಸು. ಗೋಡೆಯ ನಿಷೇಧ ಆ ಕನಸಿನ ಭಾಗವಾಗಿತ್ತು. 1906ರಲ್ಲಿ ಬ್ರಿಟಿಷ್ ಸಂಸತ್ತು ಈ ಉಪನಗರಕ್ಕಾಗಿಯೇ ಒಂದು ಕಾಯ್ದೆಯನ್ನು ಮಾಡಿತು.

ಅಮೆರಿಕದ ತೆರೆದ ಹುಲ್ಲುಹಾಸು, ಇಂಗ್ಲೆಂಡಿನ ಗಿಡದ ಬೇಲಿ. ಈ ಎರಡು ವಿಚಾರಗಳು ಸಂಧಿಸಿದ ಸ್ಥಳ ಕ್ಯಾನ್‌ಬೆರಾ.

ಹೊಸ ರಾಜಧಾನಿಯ ಪ್ರಯೋಗ

1901ರಲ್ಲಿ ಆಸ್ಟ್ರೇಲಿಯದ ವಸಾಹತುಗಳು ಒಂದಾಗಿ ಒಕ್ಕೂಟವಾದಾಗ ರಾಜಧಾನಿ ಯಾವುದಾಗಬೇಕೆಂದು ಸಿಡ್ನಿ ಮತ್ತು ಮೆಲ್ಬರ್ನ್‌ಗಳ ನಡುವೆ ಪೈಪೋಟಿ. ಎರಡೂ ಬೇಡವೆಂದು 1908ರಲ್ಲಿ ಯಾಸ್-ಕ್ಯಾನ್‌ಬೆರಾ ಪ್ರದೇಶವನ್ನು ಆರಿಸಿದರು. ನಗರದ ನಕ್ಷೆಗಾಗಿ 1911ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ಏರ್ಪಟ್ಟಿತು. 1912ರಲ್ಲಿ ಗೆದ್ದವನು ಷಿಕಾಗೊದ ವಾಸ್ತುಶಿಲ್ಪಿ ವಾಲ್ಟರ್ ಬರ್ಲಿ ಗ್ರಿಫಿನ್. ಅವನ ನಕ್ಷೆಗಳಿಗೆ ಮನಸೆಳೆಯುವ ಚಿತ್ರರೂಪ ಕೊಟ್ಟವಳು ಪತ್ನಿ ಮೇರಿಯನ್ ಮಹೋನಿ ಗ್ರಿಫಿನ್, ಆಕೆಯೂ ವಾಸ್ತುಶಿಲ್ಪಿ. ಷಿಕಾಗೊದ ಹೊರವಲಯದಲ್ಲಿಯೇ ಹುಟ್ಟಿ ಬೆಳೆದ ಗ್ರಿಫಿನ್‌ಗೆ ಬೇಲಿಯಿಲ್ಲದ ಉಪನಗರಗಳು ಹೊಸವಾಗಿರಲಿಲ್ಲ.

ಕ್ಯಾನ್‌ಬೆರಾದ ವಿಶೇಷ ಅಲ್ಲಿನ ನೆಲದ ಒಡೆತನ. ರಾಜಧಾನಿ ಪ್ರದೇಶದಲ್ಲಿ ಸರ್ಕಾರದ ನೆಲವನ್ನು ಮಾರಬಾರದು, ಗುತ್ತಿಗೆಗೆ ಮಾತ್ರ ಕೊಡಬೇಕು ಎಂದು 1910ರ ಕಾಯ್ದೆ ನಿಶ್ಚಯಿಸಿತ್ತು. ನೆಲದ ಬೆಲೆ ಏರಿದಾಗ ಬರುವ ಲಾಭ ದಲ್ಲಾಳಿಗಳಿಗೆ ಹೋಗಬಾರದು, ಸಾರ್ವಜನಿಕರಿಗೇ ಸೇರಬೇಕು ಎಂಬುದು ಅದರ ಹಿಂದಿನ ವಿಚಾರ. 1924ರ ಡಿಸೆಂಬರಿನಲ್ಲಿ ಮೊದಲ ಗುತ್ತಿಗೆ ಹರಾಜು ನಡೆಯಿತು. ಅವಧಿ 99 ವರ್ಷ. ಮನೆ ಕಟ್ಟಿದವನು ಕಾನೂನಿನ ದೃಷ್ಟಿಯಲ್ಲಿ ಗುತ್ತಿಗೆದಾರ, ನೆಲದ ಒಡೆಯನಲ್ಲ. ಆದ್ದರಿಂದ ಬೇರೆಡೆ ಕೌನ್ಸಿಲ್‌ಗಳು ವಾದ ಮಾಡಿ ಒಪ್ಪಿಸಬೇಕಾದ ಷರತ್ತನ್ನು ಇಲ್ಲಿ ಸರ್ಕಾರ ನೇರವಾಗಿ ವಿಧಿಸಬಹುದಾಗಿತ್ತು.

ಗ್ರಿಫಿನ್ 1920ರ ಕೊನೆಯಲ್ಲಿ, ಅಧಿಕಾರಿಗಳೊಡನೆ ಜಗಳವಾಡಿ ಬೇಸತ್ತು, ರಾಜಧಾನಿಯ ಕೆಲಸ ಬಿಟ್ಟ. 1921ರಲ್ಲಿ ಬಂದ ಸಲಹಾ ಸಮಿತಿಯ ಅಧ್ಯಕ್ಷ ಜಾನ್ ಸುಲ್ಮನ್ ಇಂಗ್ಲೆಂಡಿನ ಉದ್ಯಾನನಗರ ಚಳವಳಿಯ ಅಭಿಮಾನಿ. 1925ರಲ್ಲಿ ಜಾನ್ ಬಟರ್ಸ್‌ನ ನೇತೃತ್ವದ ಆಯೋಗ ಅಧಿಕಾರ ವಹಿಸಿಕೊಂಡಿತು. 1927ರ ಮೇ 9ರಂದು ಅಲ್ಲಿ ಸಂಸತ್ ಭವನ ಉದ್ಘಾಟನೆಯಾಗುವ ಹೊತ್ತಿಗೆ ರೀಡ್, ಬ್ರಾಡನ್, ಏನ್ಸ್‌ಲಿ ಮೊದಲಾದ ಬಡಾವಣೆಗಳಲ್ಲಿ ಮನೆಗಳು ಎದ್ದಿದ್ದವು. ಅವುಗಳ ಮುಂದೆ ಹಲಗೆಯ ಬೇಲಿ ಇರಲಿಲ್ಲ, ಗಿಡದ ಬೇಲಿಗಳಿದ್ದವು.

ಬರೀ ಬೇಡವೆಂದು ಹೇಳಿ ಸರ್ಕಾರ ಕೈತೊಳೆದುಕೊಳ್ಳಲಿಲ್ಲ ಎಂಬುದು ಇಲ್ಲಿ ಮುಖ್ಯ. ಕುರಿ ಮೇಯುತ್ತಿದ್ದ ಬಯಲಿನಲ್ಲಿ ನಗರ ಏಳುತ್ತಿತ್ತು. ಗಾಳಿ, ಧೂಳು, ಚಳಿಗಾಲದ ಇಬ್ಬನಿಗೆ ಯಾವ ಮರೆಯೂ ಇರಲಿಲ್ಲ. ಚಾರ್ಲ್ಸ್ ವೆಸ್ಟನ್ ಎಂಬ ತೋಟಗಾರಿಕೆ ತಜ್ಞ ಯಾರಲಮ್ಲದಲ್ಲಿ ಸಸ್ಯಕ್ಷೇತ್ರ ಸ್ಥಾಪಿಸಿ, ಯಾವ ಗಿಡ ಈ ಹವೆಗೆ ಒಗ್ಗುತ್ತದೆಂದು ಪರೀಕ್ಷಿಸಿ, ಲಕ್ಷಗಟ್ಟಲೆ ಸಸಿಗಳನ್ನು ಬೆಳೆಸಿದ್ದ. ಸೈಪ್ರೆಸ್, ಪ್ರಿವೆಟ್ ಮುಂತಾದ ಬೇಲಿ ಗಿಡಗಳನ್ನು ನಿವಾಸಿಗಳಿಗೆ ಸರ್ಕಾರವೇ ಉಚಿತವಾಗಿ ಒದಗಿಸಿತು. ಅವುಗಳನ್ನು ಕತ್ತರಿಸಿ ಒಪ್ಪ ಮಾಡಲು ಆಳುಗಳನ್ನೂ ಕಳಿಸುತ್ತಿತ್ತು. 1930ರಿಂದ ಹೊಸದಾಗಿ ಮನೆ ಮಾಡುವವರಿಗೆ ಮರ, ಪೊದೆಗಿಡಗಳನ್ನು ಪುಕ್ಕಟೆ ಕೊಡುವ ಯೋಜನೆ ಜಾರಿಗೆ ಬಂದು ದಶಕಗಳ ಕಾಲ ನಡೆಯಿತು. ಗೋಡೆ ಕಟ್ಟಬೇಡಿ ಎಂದು ಆಜ್ಞೆ ಮಾಡಿದ ಸರ್ಕಾರ ಅದರ ಬದಲಿಗೆ ಏನು ಬೇಕೋ ಅದನ್ನು ಕೈಗೇ ಕೊಟ್ಟಿದ್ದರಿಂದ ನಿಯಮ ಬೇರುಬಿಟ್ಟಿತು.

ಇತ್ತ ಗ್ರಿಫಿನ್ ದಂಪತಿಗಳು ಸಿಡ್ನಿಗೆ ಹೋಗಿ ತಮ್ಮದೇ ಪ್ರಯೋಗಕ್ಕೆ ಕೈಹಾಕಿದರು. 1921ರಲ್ಲಿ ಅವರ ಸಂಸ್ಥೆ ಬಂದರಿನ ಒಂದು ಕವಲಿನ ದಡದಲ್ಲಿ ಸುಮಾರು 650 ಎಕರೆ ಕಲ್ಲುಗುಡ್ಡದ ಕಾಡನ್ನು ಕೊಂಡಿತು. ಅಲ್ಲಿ ಕಟ್ಟಿದ ಬಡಾವಣೆಯ ಹೆಸರು ಕ್ಯಾಸಲ್‌ಕ್ರ್ಯಾಗ್. ನಿವೇಶನ ಕೊಳ್ಳುವವರು ಬೇಲಿ ಹಾಕುವುದಿಲ್ಲವೆಂದು ಕ್ರಯಪತ್ರದಲ್ಲೇ ಒಪ್ಪಿಕೊಳ್ಳಬೇಕಾಗಿತ್ತು. ಮನೆಗಳ ಹಿಂದೆ ಎಲ್ಲರಿಗೂ ಸೇರಿದ ಕಾಡಿನ ತುಂಡುಗಳು, ಅವುಗಳ ನಡುವೆ ಕಾಲುದಾರಿಗಳು. ತಮಾಷೆಯೆಂದರೆ ಬೇಲಿಯೇ ಕೂಡದ ಈ ಬಡಾವಣೆಯ ಬೀದಿಗಳಿಗೆ ಇಟ್ಟದ್ದು ಕೋಟೆಯ ಭಾಗಗಳ ಹೆಸರು: ಒಂದು ಬುರುಜು, ಒಂದು ಕೊತ್ತಲ, ಇನ್ನೊಂದು ಕೋಟೆಗೋಡೆ. ಅಲ್ಲಿನ ಬಂಡೆಗಳ ಆಕಾರವೇ ಕೋಟೆಯಂತಿದ್ದುದು ಈ ಹೆಸರುಗಳಿಗೆ ಪ್ರೇರಣೆ.

ಕಾಣದ ಗೋಡೆ

ಬೇಲಿಯಿಲ್ಲದ ಬೀದಿ ಎಂದರೆ ಎಲ್ಲರಿಗೂ ತೆರೆದ ಬೀದಿ ಎಂದು ಭಾವಿಸುವುದು ಸಹಜ. ಚರಿತ್ರೆ ಹಾಗೆ ಹೇಳುವುದಿಲ್ಲ. ಅಮೆರಿಕದ ಎಷ್ಟೋ ಉಪನಗರಗಳಲ್ಲಿ ಬೇಲಿಯ ಎತ್ತರ, ಮನೆಯ ಬೆಲೆ, ಛಾವಣಿಯ ಬಗೆಯನ್ನು ನಿಗದಿ ಮಾಡಿದ ಕ್ರಯಪತ್ರದ ಷರತ್ತುಗಳ ಜೊತೆಯಲ್ಲಿಯೇ ಇನ್ನೊಂದು ಷರತ್ತೂ ಇರುತ್ತಿತ್ತು: ಕರಿಯರಿಗೆ ಈ ಮನೆಯನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು. ಕೆಲವೆಡೆ ಯಹೂದಿಗಳಿಗೂ ಏಷ್ಯದವರಿಗೂ ಅದೇ ನಿರ್ಬಂಧ. 1948ರಲ್ಲಿ ಶೆಲಿ ವಿರುದ್ಧ ಕ್ರೇಮರ್ ಮೊಕದ್ದಮೆಯಲ್ಲಿ ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಂದರೆ ಒಳಗಿನವರ ನಡುವೆ ಗೋಡೆ ಬೇಡವೆಂದವರು ಹೊರಗಿನವರಿಗೆ ಕಾಗದದ ಗೋಡೆ ಕಟ್ಟಿದ್ದರು. ಅದು ಕಲ್ಲಿನ ಗೋಡೆಗಿಂತ ಗಟ್ಟಿಯಾಗಿತ್ತು.

ಆಸ್ಟ್ರೇಲಿಯದಲ್ಲಿ ಬೇಲಿಯ ಜಗಳ ಬೇರೆ ರೂಪದಲ್ಲಿ ಬಂತು. ಎರಡನೆಯ ಮಹಾಯುದ್ಧದ ನಂತರ ಇಟಲಿ, ಗ್ರೀಸ್‌ಗಳಿಂದ ಬಹಳ ಜನ ವಲಸೆ ಬಂದು ಮೆಲ್ಬರ್ನಿನ ಕಾರ್ಲ್‌ಟನ್, ಬ್ರನ್ಸ್‌ವಿಕ್‌ನಂಥ ಹಳೆಯ ಬಡಾವಣೆಗಳಲ್ಲಿ ನೆಲೆಸಿದರು. ಅವರು ಶಿಥಿಲವಾದ ಹಲಗೆಯ ಬೇಲಿಗಳನ್ನು ಕಿತ್ತು ಇಟ್ಟಿಗೆಯ ಗಿಡ್ಡಗೋಡೆ, ಅಲಂಕಾರದ ಕಬ್ಬಿಣದ ಜಾಲರಿ ಹಾಕಿಸಿದರು. ಮುಂದಿನ ಅಂಗಳದಲ್ಲಿ ಹುಲ್ಲಿನ ಬದಲು ಟೊಮೇಟೊ, ದ್ರಾಕ್ಷಿ ಬೆಳೆದರು. ಕಷ್ಟಪಟ್ಟು ದುಡಿದು ಮನೆ ಕೊಂಡವರಿಗೆ ಅದು ಹೆಮ್ಮೆಯ ಗುರುತು. ಹಳಬರಲ್ಲಿ ಹಲವರಿಗೆ ಅದು ಕೀಳು ಅಭಿರುಚಿಯಾಗಿ ಕಂಡಿತು. 1970ರ ದಶಕದ ನಂತರ ಅದೇ ಬಡಾವಣೆಗಳಿಗೆ ಓದಿದ ಮಧ್ಯಮ ವರ್ಗದವರು ಬಂದು, ಆ ಗೋಡೆಗಳನ್ನು ಕೆಡವಿ, ಮತ್ತೆ ಹಳೆಯ ಮಾದರಿಯ ಹಲಗೆಯ ಬೇಲಿ ನಿಲ್ಲಿಸಿದರು. ಪಾರಂಪರಿಕ ಪ್ರದೇಶವೆಂದು ಘೋಷಿತವಾದ ಕಡೆ ಕೌನ್ಸಿಲ್‌ಗಳೂ ಮನೆಯ ಕಾಲಕ್ಕೆ ಹೊಂದುವ ಬೇಲಿಯನ್ನೇ ಬಯಸುತ್ತವೆ. ಯಾವ ಕಾಲವನ್ನು ಉಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಯಾರ ಕಾಲ ಎಂಬ ಪ್ರಶ್ನೆಯೂ ಅದರೊಳಗೆ ಸೇರಿರುತ್ತದೆ.

ಇಂಗ್ಲೆಂಡಿನಲ್ಲಿ ಬೇಲಿಗಳನ್ನು ಕೆಡವಿದ್ದು ಯುದ್ಧ. 1940ರ ದಶಕದ ಆರಂಭದಲ್ಲಿ ಶಸ್ತ್ರಾಸ್ತ್ರಕ್ಕೆ ಕಬ್ಬಿಣ ಬೇಕೆಂದು ಮನೆ, ಉದ್ಯಾನ, ಚರ್ಚುಗಳ ಮುಂದಿನ ಸರಳುಗಳನ್ನು ಊರೂರಲ್ಲಿ ಕತ್ತರಿಸಿ ಒಯ್ದರು. ಕಲ್ಲುದಿಂಡಿನ ಮೇಲೆ ಸಾಲಾಗಿ ಉಳಿದ ಕಬ್ಬಿಣದ ಮೋಟುಗಳು ಇಂದಿಗೂ ಹಲವು ಬೀದಿಗಳಲ್ಲಿ ಕಾಣುತ್ತವೆ. ಯುದ್ಧಾನಂತರ ಕಟ್ಟಿದ ಎಷ್ಟೋ ಬಡಾವಣೆಗಳಲ್ಲಿ ಮುಂದಿನ ಅಂಗಳವನ್ನು ತೆರೆದೇ ಬಿಟ್ಟರು. ಈಗಲೂ ಅಲ್ಲಿ ವಾಹನ ಓಡಾಡುವ ರಸ್ತೆಯ ಪಕ್ಕದ ಬೇಲಿ 1 ಮೀಟರ್ ಮೀರಿದರೆ, ಬೇರೆಡೆ 2 ಮೀಟರ್ ಮೀರಿದರೆ ಯೋಜನಾ ಪ್ರಾಧಿಕಾರದ ಅನುಮತಿ ಬೇಕು.

ಅಳತೆಯ ಹಿಂದಿನ ಲೆಕ್ಕ

ಹಾಗಾದರೆ ಇಂದಿನ ನಿಯಮಗಳು ಏನು ಹೇಳುತ್ತವೆ? ನ್ಯೂ ಸೌತ್ ವೇಲ್ಸ್ ರಾಜ್ಯದ 2008ರ ನೀತಿಯಂತೆ ಸಾಮಾನ್ಯ ವಸತಿ ಪ್ರದೇಶದಲ್ಲಿ ಮನೆಯ ಮುಂದಿನ ಬೇಲಿ 1.2 ಮೀಟರ್ ಮೀರದಿದ್ದು, ಇತರ ಷರತ್ತುಗಳಿಗೆ ಹೊಂದಿದ್ದರೆ ಅನುಮತಿಯ ಗೊಡವೆಯಿಲ್ಲ. ಅದಕ್ಕಿಂತ ಎತ್ತರ ಬೇಕಾದರೆ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ವಿಕ್ಟೋರಿಯದ 2018ರ ಕಟ್ಟಡ ನಿಯಮಗಳಲ್ಲಿ ಸಾಮಾನ್ಯ ಬೀದಿಗೆ 1.5 ಮೀಟರ್, ಸಂಚಾರ ಹೆಚ್ಚಿರುವ ಮುಖ್ಯ ರಸ್ತೆಗೆ 2 ಮೀಟರ್ ಮಿತಿ. ಎರಡು ಬೀದಿ ಕೂಡುವ ಮೂಲೆಯಿಂದ 9 ಮೀಟರ್ ಒಳಗೆ 1 ಮೀಟರಿಗಿಂತ ಎತ್ತರ ಕಟ್ಟಲು ವಿಶೇಷ ಒಪ್ಪಿಗೆ ಬೇಕು. ಪಶ್ಚಿಮ ಆಸ್ಟ್ರೇಲಿಯದಲ್ಲಿ 1.2 ಮೀಟರಿನ ಮೇಲಿನ ಭಾಗ ಕಣ್ಣಿಗೆ ಅಡ್ಡವಾಗದಂತೆ ಸರಳು, ಸಂದಿಗಳಿಂದ ಕೂಡಿರಬೇಕು.

ಈ ಅಂಕಿಗಳಲ್ಲಿ ಒಂದೊಂದಕ್ಕೂ ಕಾರಣವಿದೆ. ಬೀದಿ ಮೂಲೆಯ ಮಿತಿ ಅಪಘಾತ ತಪ್ಪಿಸಲು. ಅಡ್ಡರಸ್ತೆಯಿಂದ ಬರುವ ಚಾಲಕನಿಗೆ, ಗೇಟಿನಿಂದ ಹಿಮ್ಮುಖವಾಗಿ ಹೊರಡುವ ಕಾರಿನವನಿಗೆ, ಕಾಲುದಾರಿಯಲ್ಲಿ ಬರುವ ಮಗು ಕಾಣಬೇಕು. ಮುಖ್ಯ ರಸ್ತೆಯ 2 ಮೀಟರ್ ವಾಹನಗಳ ಸದ್ದಿಗೆ ಕೊಟ್ಟ ರಿಯಾಯಿತಿ. ಒಳಬೀದಿಯ 1.2 ಅಥವಾ 1.5 ಮೀಟರ್ ಎಂದರೆ ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ಬೇಲಿಯ ಈಚೆ ನಿಂತವನೂ ಆಚೆ ನಡೆಯುವವನೂ ಮುಖ ನೋಡಿ ಮಾತಾಡಬಹುದಾದ ಎತ್ತರ ಅದು.

ಈ ಕೊನೆಯ ಅಂಶಕ್ಕೆ ಶಾಸ್ತ್ರದ ಬಲ ಒದಗಿಸಿದವಳು ಅಮೆರಿಕದ ಲೇಖಕಿ ಜೇನ್ ಜೇಕಬ್ಸ್. ಬೀದಿಯನ್ನು ಸುರಕ್ಷಿತವಾಗಿಡುವುದು ಪೊಲೀಸರಿಗಿಂತ ಹೆಚ್ಚಾಗಿ ಕಿಟಕಿ, ಅಂಗಡಿ, ಜಗಲಿಗಳಿಂದ ಬೀದಿಯ ಮೇಲೆ ಇರುವ ಜನರ ಕಣ್ಣು ಎಂದು ಆಕೆ 1961ರ ತನ್ನ ಪುಸ್ತಕದಲ್ಲಿ ವಾದಿಸಿದಳು. ಎತ್ತರದ ಗೋಡೆ ಕಳ್ಳನನ್ನು ತಡೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಒಮ್ಮೆ ಹಾರಿ ಒಳಗೆ ಬಂದ ಕಳ್ಳನಿಗೆ ಅದೇ ಗೋಡೆ ಮರೆಯಾಗುತ್ತದೆ ಎಂಬುದು ಇನ್ನೊಂದು ಮುಖ. 1972ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ ಇದಕ್ಕೆ ಸ್ವಲ್ಪ ತಿದ್ದುಪಡಿ ಹೇಳಿದ. ಯಾರದೂ ಅಲ್ಲದ ಜಾಗವನ್ನು ಯಾರೂ ಕಾಯುವುದಿಲ್ಲ, ಗಡಿಯ ಸಣ್ಣ ಗುರುತಾದರೂ ಇರಬೇಕು ಎಂಬುದು ಅವನ ನಿಲುವು. ತಗ್ಗಾದ, ಆಚೆ ಕಾಣುವ ಬೇಲಿ ಎಂಬ ರಾಜಿ ಸೂತ್ರಕ್ಕೆ ಎರಡೂ ವಾದ ಹೊಂದುತ್ತವೆ.

ವಿರೋಧದ ಮಾತಿನಲ್ಲಿಯೂ ಹುರುಳಿದೆ. ಚಿಕ್ಕ ಮಕ್ಕಳಿರುವವರಿಗೆ, ನಾಯಿ ಸಾಕಿದವರಿಗೆ, ಒಂಟಿ ವೃದ್ಧರಿಗೆ, ಹೆದ್ದಾರಿ ಪಕ್ಕದಲ್ಲಿ ಮನೆ ಇರುವವರಿಗೆ ಬೇಲಿ ಶೋಕಿಯಲ್ಲ. ನಿವೇಶನಗಳು ಚಿಕ್ಕದಾಗುತ್ತ ಹಿತ್ತಲು ಕರಗಿದಂತೆ ಮಕ್ಕಳಿಗೆ ಆಡಲು ಉಳಿಯುವುದು ಮುಂದಿನ ಜಾಗವೇ. ಕ್ಯಾನ್‌ಬೆರಾ ಕೂಡ ಈ ಒತ್ತಡಕ್ಕೆ ಸ್ವಲ್ಪ ಬಾಗಿದೆ. ಮುಂಭಾಗದಲ್ಲಿ ಬೇಲಿ ಸಾಮಾನ್ಯವಾಗಿ ನಿಷಿದ್ಧವೇ ಆದರೂ, ರಸ್ತೆಯಿಂದ ಹಿಂದೆ ಸರಿದು, ಮುಂದೆ ಗಿಡ ಬೆಳೆಸಿ, ಅಂಗಳದ ಒಂದು ಭಾಗಕ್ಕೆ ಗೋಡೆ ಕಟ್ಟಿಕೊಳ್ಳಲು ಷರತ್ತುಬದ್ಧ ಅವಕಾಶವಿದೆ. 1989ರಲ್ಲಿ ರಾಜಧಾನಿ ಪ್ರದೇಶಕ್ಕೆ ಸ್ವಂತ ಶಾಸನಸಭೆ ಬಂದ ಮೇಲೂ ಮೂಲ ನಿಯಮ ಉಳಿದಿದೆ. ರೀಡ್ ಬಡಾವಣೆಯ ಹಳೆಯ ಗಿಡದ ಬೇಲಿಗಳಂತೂ ಈಗ ಪಾರಂಪರಿಕ ಸ್ವತ್ತು.

ಲಖನೌದಲ್ಲಿ ಕೊನೆಯ ದಿನಗಳು

ಈ ಕಥೆಗೂ ಭಾರತಕ್ಕೂ ಒಂದು ನಂಟಿದೆ. ಕ್ಯಾಸಲ್‌ಕ್ರ್ಯಾಗ್‌ನಲ್ಲಿ ಕೈಸುಟ್ಟುಕೊಂಡು, ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಗ್ರಿಫಿನ್‌ಗೆ ಲಖನೌ ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಡದ ವಿನ್ಯಾಸಕ್ಕೆ ಕರೆ ಬಂತು. 1935ರಲ್ಲಿ ಭಾರತಕ್ಕೆ ಬಂದ ಅವನಿಗೆ ಇಲ್ಲಿನ ವಾಸ್ತುಶಿಲ್ಪ, ಇಲ್ಲಿನ ಜನಜೀವನ ಬಹಳ ಹಿಡಿಸಿದವು. ಪಯೊನಿಯರ್ ಪತ್ರಿಕೆಯ ಮುದ್ರಣಾಲಯ ಸೇರಿದಂತೆ ಹಲವು ಕಟ್ಟಡಗಳಿಗೆ ನಕ್ಷೆ ಹಾಕಿದ. ಮೇರಿಯನ್ ಕೂಡ ಬಂದು ಜೊತೆಗೂಡಿದಳು. ಆದರೆ 1937ರ ಫೆಬ್ರವರಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಕಾಯಿಲೆ ಬಿಗಡಾಯಿಸಿ, 60ನೆಯ ವಯಸ್ಸಿನಲ್ಲಿ ಅವನು ಲಖನೌದಲ್ಲಿಯೇ ತೀರಿಕೊಂಡ. ಅಲ್ಲಿನ ಕ್ರೈಸ್ತ ಸ್ಮಶಾನದಲ್ಲಿ ಅವನ ಸಮಾಧಿ ಬಹುಕಾಲ ಗುರುತಿಲ್ಲದೆ ಇತ್ತು. ಕ್ಯಾನ್‌ಬೆರಾದಲ್ಲಿ 1960ರ ದಶಕದಲ್ಲಿ ತುಂಬಿದ ಸರೋವರಕ್ಕೆ ಅವನ ಹೆಸರಿದೆ.

ಬೇಲಿಯ ಅಳತೆ ನಮ್ಮಲ್ಲಿ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ತೆರೆದು ನೋಡಿದರೆ ಕಾಂಪೌಂಡು ಗೋಡೆ ಮುಂದಿನ ಬೀದಿಯ ಮಧ್ಯರೇಖೆಯ ಮಟ್ಟದಿಂದ 1.5 ಮೀಟರ್ ಮೀರಬಾರದು ಎಂದಿದೆ. ಮೇಲಿನ 0.9 ಮೀಟರ್ ಸಂದಿಗಳಿಂದ ಕೂಡಿದ್ದರೆ 2.4 ಮೀಟರ್‌ವರೆಗೆ ಏರಬಹುದು. ಮೂಲೆ ನಿವೇಶನವಾದರೆ ತಿರುವಿನ ಎರಡೂ ಬದಿಗೆ 10 ಮೀಟರ್ ಉದ್ದಕ್ಕೆ 0.75 ಮೀಟರ್ ಮಾತ್ರ. ಮೆಲ್ಬರ್ನಿನ ನಿಯಮಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಸಂಹಿತೆ ಮಾದರಿ ಮಾತ್ರ, ಅದನ್ನು ಜಾರಿಗೆ ತರಬೇಕಾದವು ಸ್ಥಳೀಯ ಸಂಸ್ಥೆಗಳು. ಗೋಡೆಯ ನೆತ್ತಿಗೆ ಗಾಜಿನ ಚೂರು ನೆಟ್ಟ ನಮ್ಮ ಬಡಾವಣೆಗಳನ್ನು ಸುತ್ತಿ ಬಂದರೆ ಈ ಅಂಕಿಗಳು ಎಷ್ಟು ಮಂದಿಯ ಗಮನಕ್ಕೆ ಬಂದಿವೆ ಎಂಬುದು ತಿಳಿಯುತ್ತದೆ.

ಹಾಗೆಂದು ಎತ್ತರದ ಗೋಡೆಯೇ ನಮ್ಮ ಸಂಪ್ರದಾಯ ಎನ್ನುವುದೂ ಸರಿಯಲ್ಲ. ನಮ್ಮ ಹಳೆಯ ಊರುಗಳ ಮನೆಗಳಿಗೆ ಮುಂದೆ ಬೇಲಿ ಇರಲಿಲ್ಲ, ಜಗಲಿ ಇತ್ತು. ಮನೆ ನೇರವಾಗಿ ಬೀದಿಗೆ ತೆರೆದುಕೊಳ್ಳುತ್ತಿತ್ತು. ಜಗಲಿ ಮನೆಯವರದಾದರೂ ದಾರಿಹೋಕ ಕುಳಿತು ಬೆವರು ಒರೆಸಿಕೊಳ್ಳಲು ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಯಾರು ಜಗಲಿ ಹತ್ತಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬ ಜಾತಿಯ ಕಾಣದ ಗೋಡೆಯೂ ಅಲ್ಲಿ ಇತ್ತು ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಹುಲ್ಲುಹಾಸಿನಂತೆ ನಮ್ಮ ಜಗಲಿಗೂ ಎರಡು ಮುಖ.

ಕ್ಯಾನ್‌ಬೆರಾದ ನೂರು ವರ್ಷಗಳ ಅನುಭವದಿಂದ ತಿಳಿಯುವುದು ಇಷ್ಟು. ಮನೆಯ ಮುಂದಿನ ಆ ನಾಲ್ಕಾರು ಮೀಟರ್ ಜಾಗದ ಪತ್ರ ಒಬ್ಬರ ಹೆಸರಿನಲ್ಲಿದ್ದರೂ ಅದರ ನೋಟ ಎಲ್ಲರದು. ಅಲ್ಲಿ ಏನು ಕಟ್ಟಬೇಕೆಂಬ ಪ್ರಶ್ನೆಯಲ್ಲಿ ಮನೆಯವರಿಗೆ ಎಷ್ಟು ಹಕ್ಕಿದೆಯೋ ಬೀದಿಯಲ್ಲಿ ನಡೆಯುವವರಿಗೂ ಒಂದಿಷ್ಟು ಹಕ್ಕಿದೆ. ಈ ಹಕ್ಕನ್ನು ಕಾಯಲು ಕಾನೂನು ಬೇಕು, ಆದರೆ ಕಾನೂನೊಂದೇ ಸಾಲದು. ಗೋಡೆ ಬೇಡವೆಂದ ಸರ್ಕಾರ ಗಿಡ ಕೊಟ್ಟಿತು, ಅದನ್ನು ಕತ್ತರಿಸಲು ಆಳು ಕಳಿಸಿತು, ಬೀದಿಯನ್ನು ನೆರಳು ಮಾಡಿತು. ಬೀದಿ ಚೆನ್ನಾಗಿದ್ದರೆ ಅದಕ್ಕೆ ಬೆನ್ನು ತಿರುಗಿಸಿ ಕೂರಬೇಕೆಂದು ಯಾರಿಗೂ ಅಷ್ಟಾಗಿ ಅನ್ನಿಸುವುದಿಲ್ಲ. ಕಸದ ರಾಶಿ, ದೂಳು, ಕತ್ತಲೆ ತುಂಬಿದ ಬೀದಿಗೆ ಎದುರಾಗಿ ಗೋಡೆ ಎತ್ತರಿಸುವವನನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಗೋಡೆಯ ಎತ್ತರವನ್ನು ಅಳೆಯಲು ಬರುವ ಅಧಿಕಾರಿ ಗೋಡೆಯ ಹೊರಗಿನ ಬೀದಿಯ ಸ್ಥಿತಿಯನ್ನೂ ಅದೇ ಅಳತೆಪಟ್ಟಿಯಿಂದ ಅಳೆಯಬೇಕಾಗುತ್ತದೆ.